ಚಕ್ಕುಬಂದಿ

ಆಗಸ್ಟ್ ಹದಿನೇಳರ ಶುಕ್ರವಾರ ಮಧ್ಯಾಹ್ನ ಸುಕೇಶ್ ಒಬ್ಬ ಅಮೆರಿಕನ್ನನನ್ನು ಮನೆಗೆ ಕರೆದುಕೊಂಡು ಬಂದಾಗ ವಾರಿಜಾ ಅಕ್ಕಿಯ ಹುಳ ಆರಿಸುತ್ತಿದ್ದಳು. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ಹದಿನೈದು ದಿನವಾಗಿತ್ತು. ಅಮೆರಿಕ, ಇಂಗ್ಲೆಂಡಿನವರೆಲ್ಲ ಹೇಳಿದ ಹೋಟೆಲುಗಳಿಗೆ ಬಂದು ಹಾಜರಾಗಬೇಕೆಂದು ಹಿಂದಿನ ದಿನವಷ್ಟೇ ಹುಕುಂ ಹೊರಟಿತ್ತು.

"ಇವರು ಡೆಲ್ಬರ್ಟ್. ಸ್ವಲ್ಪ ದಿನ ಇಲ್ಲಿರ್ತಾರೆ," ಎಂದ ಸುಕೇಶ್.

ವಾರಿಜಾ ಮೊರ ಕೆಳಗಿಡಲಿಲ್ಲ. ಬಂದವನಿಗೆ ಐವತ್ತೆಂಟರ ಆಸುಪಾಸು. ಕಂದು ಬಣ್ಣ, ಅಗಲ ಮುಖ, ನರೆ ಬೆರೆತ ಕೂದಲು, ಮೀಸೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ.

"ಹಿ ಡಸಂಟ್ ಲುಕ್ ಅಮೆರಿಕನ್," ಎಂದಳು ಹದಿಮೂರು ವರ್ಷದ ಮಗಳು ಅಶ್ಮಿತಾ.

"ನಾನು ಇಂಡಿಯನ್," ಎಂದ ಅವನು ಇಂಗ್ಲಿಷಿನಲ್ಲಿ. "ಅಲ್ಲಿಯ ಇಂಡಿಯನ್. ಚಿಪ್ಪೆವಾ ಜನ."

"ಎಂತವಾ?" ಎಂದು ಕೇಳಿದ ಬಾಲ್ಕನಿಯ ಬಾಗಿಲಿಗೆ ಒರಗಿ ಕೂತಿದ್ದ ಸೇಸಪ್ಪ. ಅವನು ಸುಕೇಶನ ಅಪ್ಪ. ಮೇ ತಿಂಗಳಲ್ಲಿ ವಿಸಿಟ್ ವೀಸಾದಲ್ಲಿ ಊರಿನಿಂದ ಬಂದವನು. ಜುಲೈ ಕೊನೆಗೆ ಹೊರಡುವುದಿತ್ತು. ಮಗ ಒಂದು ತಿಂಗಳು ಮುಂದೆ ಹಾಕಿದ, ಅಷ್ಟರಲ್ಲಿ ವಿಮಾನ ನಿಂತಿತು.

ಸುಕೇಶ್ ಹೆಂಡತಿಯನ್ನು ಅಡುಗೆಮನೆಗೆ ಕರೆದ. ಕುವೈತಿನ ಸಾಲ್ಮಿಯಾದ ಆ ಫ್ಲ್ಯಾಟಿನ ಅಡುಗೆಮನೆಗೆ ಬಾಗಿಲಿರಲಿಲ್ಲ. ಮಾತೆಲ್ಲ ಹೊರಗೆ ಕೇಳುತ್ತಿತ್ತು.

"ರೇಡಿಯೋದಲ್ಲಿ ಹೇಳಿದ್ದು ಕೇಳಿದ್ದೀರಲ್ಲ?" ಎಂದಳು ವಾರಿಜಾ.

"ಎರಡನೇ ತಾರೀಕು ಅಂಗಡಿಯಿಂದ ನನ್ನನ್ನು ಮನೆ ಮುಟ್ಟಿಸಿದ್ದು ಯಾರು? ಅವನೇ. ಅವನ ಕಾರಿಗೆ ಗುಂಡು ತಾಗಿದೆ."

"ಅದಕ್ಕೆ ಥ್ಯಾಂಕ್ಸ್ ಹೇಳಿ. ಮನೆಯಲ್ಲಿ ತಂದು ಇಡ್ಬೇಕಾ? ನಮಗೆ ಒಬ್ಬಳು ಮಗಳು ಉಂಟು."

"ಒಂದು ವಾರ."

"ಯಾವ ವಾರ? ಇದಕ್ಕೆ ಕ್ಯಾಲೆಂಡರ್ ಉಂಟಾ?"

ರಾಯ್ ಎಂಬ ಕಡೆಯ ಪಂಪ್ ಅಂಗಡಿಯೊಂದರಲ್ಲಿ ಸುಕೇಶ್ ಹದಿನೆಂಟು ವರ್ಷ ಸ್ಟೋರ್ ನೋಡಿಕೊಂಡಿದ್ದ. ಡೆಲ್ಬರ್ಟ್ ಅಲ್ಲಿಗೆ ಬಿಡಿಭಾಗ ಕೊಳ್ಳಲು ಬರುತ್ತಿದ್ದ ನೀರಿನ ಕಂಪೆನಿಯ ಮೆಕ್ಯಾನಿಕ್. ಅಷ್ಟೇ ಪರಿಚಯ. ಈಗ ಅಂಗಡಿಯೂ ಇಲ್ಲ, ಲೂಟಿಯಾಗಿತ್ತು. ಕಫೀಲ್, ಅಂದರೆ ಕುವೈತಿ ಮಾಲೀಕ, ಕುಟುಂಬ ಸಮೇತ ಸೌದಿಗೆ ಹೋಗಿದ್ದ.

ವಾರಿಜಾ ಆ ಮಧ್ಯಾಹ್ನ ಐದು ತಟ್ಟೆ ಇಟ್ಟಳು.

ಮಹಮ್ಮದ್ ಕುಂಞಿ ಮಾರನೆಯ ದಿನ ಮೇಲೆ ಬಂದ. ಅವನದ್ದು ಅದೇ ಕಟ್ಟಡದ ಕೆಳಗಿನ ದಿನಸಿ ಅಂಗಡಿ. ಬೆಳಗ್ಗೆ ನಾಲ್ಕರಿಂದ ಬೇಕರಿಯ ಸಾಲಿನಲ್ಲಿ ನಿಂತು ಮೂರು ಮನೆಗಳಿಗೆ ಕುಬ್ಬೂಸ್ ರೊಟ್ಟಿ ತರುತ್ತಿದ್ದ. ಡೆಲ್ಬರ್ಟನನ್ನು ಕಂಡು ಸುತ್ತು ಬಂದು ನೋಡಿದ.

"ಮುಖ ನಮ್ಮದೇ ಆಗ್ತದೆ, ಅಕ್ಕ. ಬಾಯಿ ತೆರೆದರೆ ಅಮೆರಿಕ ಬೀಳ್ತದೆ. ಬಾಯಿ ಮುಚ್ಚಿಸಿ. ಮೂಗ ಅಂತ ಹೇಳಿ. ಮೂಗರಿಗೆ ಇಕಾಮಾ ಕಾರ್ಡು ಯಾರೂ ಕೇಳುವುದಿಲ್ಲ."

ಹಾಗೆ ಡೆಲ್ಬರ್ಟ್ ಮೂಗನಾದ. ಸೇಸಪ್ಪ ಅವನಿಗೆ ಪಂಚೆ ಉಡಲು ಕಲಿಸಿದ. ಕೈಯಲ್ಲಿ ಕಲಸಿ ಉಣ್ಣಲು ಕಲಿಸಿದ. ಮೂರು ದಿನದಲ್ಲಿ ಅವನು ಬನಿಯಾನು ಹಾಕಿ ಪಂಚೆ ಮಡಚಿ ಕಟ್ಟಿ ಕುಕ್ಕರಗಾಲಲ್ಲಿ ಕೂರುವುದನ್ನು ರೂಢಿ ಮಾಡಿಕೊಂಡ. ಕುಕ್ಕರಿನ ಗ್ಯಾಸ್ಕೆಟ್ ಹೋದಾಗ ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದ. ಊಟದ ಮೇಲೆ ಪಾತ್ರೆಗಳನ್ನು ತಾನೇ ತೊಳೆಯುತ್ತಿದ್ದ.

"ನೀರು ಜಾಸ್ತಿ ಸುರೀತಾನೆ. ಹೇಳು ಅವನಿಗೆ," ಎಂದು ವಾರಿಜಾ ಮಗಳಿಗೆ ಹೇಳುತ್ತಿದ್ದಳು.

"ಮಮ್ಮಿ, ಯು ಟೆಲ್ ಹಿಮ್. ಹೀ ಈಸ್ ರೈಟ್ ದೇರ್."

ಆಗಸ್ಟ್ ಕೊನೆಗೆ ಇನ್ನೊಂದು ಹುಕುಂ ಬಂತು. ಪರದೇಶದವರನ್ನು ಅಡಗಿಸಿಟ್ಟವರಿಗೆ ಮರಣದಂಡನೆ. ರೇಡಿಯೋ ಮುಗಿಯಿತು. ವಾರಿಜಾ ಎದ್ದು ಹೋಗಿ ಬೇಳೆ ಬೇಯಲು ಇಟ್ಟಳು.

ಕುಚಲಕ್ಕಿ ಮುಗಿದ ದಿನ ಜಮೀನಿನ ಮಾತು ಶುರುವಾಯಿತು. ಸೇಸಪ್ಪನಿಗೆ ಬಿಳಿಯ ಬೆಳ್ತಿಗೆ ಅಕ್ಕಿಯ ಅನ್ನ ಇಳಿಯುತ್ತಿರಲಿಲ್ಲ. ಅವನು ತಟ್ಟೆ ಸರಿಸಿದ್ದನ್ನು ನೋಡಿ ಡೆಲ್ಬರ್ಟ್ ಏನೋ ಹೇಳಿದ.

"ಅವರ ಊರಲ್ಲೂ ರೈಸ್ ಉಂಟಂತೆ, ಅಜ್ಜ," ಎಂದಳು ಅಶ್ಮಿತಾ. "ಲೇಕಲ್ಲಿ ಬೆಳೀತದಂತೆ. ಯಾರೂ ಹಾಕುವುದಿಲ್ಲಂತೆ."

"ಬಿತ್ತುವುದಿಲ್ಲವಾ? ತನ್ನಿಂತಾನೇ?"

"ಯಾ. ದೋಣಿಯಲ್ಲಿ ಹೋಗಿ ಕೋಲಲ್ಲಿ ಬಡಿಯುವುದಂತೆ. ದೋಣಿಗೆ ಬೀಳ್ತದಂತೆ."

"ಕೆರೆ ಯಾರದ್ದು?"

ಅಶ್ಮಿತಾ ಕೇಳಿದಳು. ಡೆಲ್ಬರ್ಟ್ ಅವಳ ಗಣಿತದ ಪುಸ್ತಕ ತರಿಸಿದ. ಚೌಕುಳಿ ಹಾಳೆಯಲ್ಲಿ ಆರು ಅಡ್ಡ, ಆರು ಉದ್ದ, ಒಟ್ಟು ಮೂವತ್ತಾರು ಚೌಕಗಳ ಒಂದು ದೊಡ್ಡ ಚೌಕ ಎಳೆದ. ಒಂದೊಂದು ಚೌಕವೂ ಆರು ಮೈಲಿಗೆ ಆರು ಮೈಲಿ. ಸಾವಿರದ ಎಂಟುನೂರ ಅರವತ್ತೇಳರಲ್ಲಿ ಸರಕಾರ ಕರಾರು ಮಾಡಿ ಅವನ ಜನಕ್ಕೆಂದು ಬಿಟ್ಟ ನೆಲ ಅದು. ವೈಟ್ ಅರ್ಥ್ ಎಂದು ಹೆಸರು. ಅದಕ್ಕೂ ಮೊದಲು ಅದರ ಎಷ್ಟೋ ಪಟ್ಟು ನೆಲ ಅವರದ್ದಾಗಿತ್ತು. ಅದನ್ನು ಬಿಟ್ಟುಕೊಟ್ಟು ಇಲ್ಲಿಗೆ ಬಂದದ್ದು.

"ಎಷ್ಟು ಎಕರೆ ಆಗ್ತದೆ ಕೇಳು."

"ಎಂಟು ಲಕ್ಷಕ್ಕಿಂತ ಜಾಸ್ತಿಯಂತೆ."

ಸೇಸಪ್ಪ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡ. "ಈಗ ಎಷ್ಟುಂಟು?"

"ಬಾರ್ಡರ್ ಈಗಲೂ ಇಷ್ಟೇ ಉಂಟಂತೆ. ಮ್ಯಾಪಲ್ಲಿ."

"ಮ್ಯಾಪು ಬೇಡ. ಒಳಗೆ?"

ಡೆಲ್ಬರ್ಟ್ ಪೆನ್ಸಿಲಿನಿಂದ ಬಲಗಡೆಯ ಮೇಲಿನ ಮೂಲೆಯ ನಾಲ್ಕು ಚೌಕಗಳನ್ನು ಹೊಡೆದು ಹಾಕಿದ. ಅಲ್ಲಿ ಒಳ್ಳೆಯ ಪೈನ್ ಮರಗಳಿದ್ದುದರಿಂದ ಅವು ಮೊದಲೇ ಹೋದವು. ಉಳಿದದ್ದನ್ನು ತಲೆಗೆ ಎಂಬತ್ತು ಎಕರೆಯಂತೆ ಹಂಚಿದರು. ಇಪ್ಪತ್ತೈದು ವರ್ಷ ಮಾರುವಂತಿಲ್ಲ ಎಂದು ಕಾನೂನು ಮಾಡಿದರು.

ಇದನ್ನು ಅಶ್ಮಿತಾ ಹೇಳಿದಾಗ ಸೇಸಪ್ಪ ಮಗನ ಮುಖ ನೋಡಿದ. ಸುಕೇಶ್ ಕೈ ತೊಳೆಯಲು ಎದ್ದ.

ಸೇಸಪ್ಪನದ್ದು ಮೂಲ್ಕಿಯ ಹತ್ತಿರ ಹೆದ್ದಾರಿಗೆ ತಾಗಿ ಒಂದೆಕರೆ ಮೂವತ್ತೆರಡು ಸೆಂಟ್ಸ್ ಜಾಗ. ಅಪ್ಪನ ಕಾಲದಿಂದ ಗುತ್ತಿನ ಮನೆಯ ಧಣಿಗಳಿಗೆ ವರ್ಷಕ್ಕೆ ಹದಿನಾಲ್ಕು ಮುಡಿ ಅಕ್ಕಿ ಗೇಣಿ ಕೊಟ್ಟು ಬೆಳೆಸಿದ ಗದ್ದೆ. ಉಳುವವನೇ ಒಡೆಯ ಎಂಬ ಕಾನೂನು ಬಂದಾಗ ಅವನು ಅರ್ಜಿ ಹಾಕಿದ. ಮಂಗಳೂರಿನ ಟ್ರಿಬ್ಯುನಲ್ಲಿಗೆ ಹನ್ನೊಂದು ಸಲ ಹೋದ. ಎಪ್ಪತ್ತಾರರ ಆಗಸ್ಟಿನಲ್ಲಿ ಜಾಗ ಅವನ ಹೆಸರಿಗಾಯಿತು. ಹದಿನೈದು ವರ್ಷ ಮಾರುವಂತಿಲ್ಲ ಎಂಬ ಷರತ್ತು ಅದಕ್ಕೂ ಇತ್ತು. ಬರುವ ವರ್ಷಕ್ಕೆ ಅದು ಮುಗಿಯುತ್ತಿತ್ತು. ಆ ಜಾಗದಲ್ಲಿ ಮದುವೆ ಹಾಲ್ ಕಟ್ಟುವವರ ಜೊತೆ ಸುಕೇಶ್ ಆಗಲೇ ಮಾತಾಡಿದ್ದ. ಆ ಹಣದಲ್ಲಿ ಮಂಗಳೂರಿನಲ್ಲಿ ಒಂದು ಫ್ಲ್ಯಾಟ್, ಅಶ್ಮಿತಾಳ ಕಾಲೇಜು. ಕರಾರು ಪತ್ರ ಬರೆಸಿ ತಂದು ಬೀರುವಿನಲ್ಲಿಟ್ಟಿದ್ದ. ಅಪ್ಪನನ್ನು ಕರೆಸಿಕೊಂಡದ್ದು ಅದಕ್ಕೆ. ಮೂರು ತಿಂಗಳಾದರೂ ಬಾಯಿ ಬಿಟ್ಟು ಕೇಳಿರಲಿಲ್ಲ.

ಮರುದಿನ ಊಟಕ್ಕೆ ಕೂತಾಗ ಸೇಸಪ್ಪನೇ ಪುಸ್ತಕ ತರಲು ಹೇಳಿದ. "ಮಾರುವಂತಿಲ್ಲ ಅಂದ ಮೇಲೆ ಹೇಗೆ ಹೋಯಿತು? ಅದು ಕೇಳು."

ಡೆಲ್ಬರ್ಟ್ ನಿಧಾನವಾಗಿ ಹೇಳಿದ. ಅಶ್ಮಿತಾ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ತುಳುವಿನಲ್ಲಿ ಹೇಳಿದಳು. ಇಪ್ಪತ್ತೈದು ವರ್ಷ ಆಗುವ ಮೊದಲೇ ಇನ್ನೊಂದು ಕಾನೂನು ಬಂತು. ಬಿಳಿಯರ ರಕ್ತ ಬೆರೆತವರು ಬೇಕಾದರೆ ಈಗಲೇ ಮಾರಬಹುದು, ಶುದ್ಧ ರಕ್ತದವರು ಮಾರುವಂತಿಲ್ಲ. ಯಾರು ಬೆರೆತವರು ಎಂದು ನೋಡಲು ಪಂಡಿತರು ಬಂದರು. ತಲೆಯ ಅಳತೆ ತೆಗೆದರು. ಎದೆಯ ಮೇಲೆ ಉಗುರಿನಿಂದ ಗೀರಿ, ಚರ್ಮ ಎಷ್ಟು ಕೆಂಪಾಗುತ್ತದೆ ಎಂದು ನೋಡಿದರು. ಡೆಲ್ಬರ್ಟನ ಅಜ್ಜಿಯನ್ನು ಬೆರೆತವಳು ಎಂದು ಬರೆದರು. ಅವಳ ಅಣ್ಣನನ್ನು ಶುದ್ಧ ಎಂದು ಬರೆದರು.

"ಒಂದೇ ಹೊಟ್ಟೆಯವರಲ್ವಾ?" ಎಂದಳು ವಾರಿಜಾ. ಅವಳು ಆ ಮಾತಿಗೆ ಸೇರಿದ್ದು ಅದೇ ಮೊದಲು.

"ಒಂದೇ ಅಪ್ಪ, ಒಂದೇ ಅಮ್ಮ," ಎಂದಳು ಅಶ್ಮಿತಾ.

ಅಜ್ಜಿ ಒಂದು ಕಾಗದದ ಮೇಲೆ ಗುಣಾಕಾರದ ಗುರುತು ಹಾಕಿದಳು. ಮರ ಕಡಿಯಲು ಬಿಡುವ ಕಾಗದ ಎಂದು ತಿಳಿದಿದ್ದಳು. ಅದು ಎಂಬತ್ತು ಎಕರೆಯ ಕ್ರಯಪತ್ರ. ಸ್ವಲ್ಪ ಹಣ ಮತ್ತು ಒಂದು ಕುಂಟ ಕುದುರೆ ಸಿಕ್ಕಿತು. ಹಾಗೆ ಮಾರದೆ ಉಳಿದವರದ್ದು ತೆರಿಗೆ ಕಟ್ಟಲಿಲ್ಲ ಎಂದು ಹೋಯಿತು. ಈಗ ಆ ದೊಡ್ಡ ಚೌಕದೊಳಗೆ ಬೇರೆ ರೈತರಿದ್ದಾರೆ, ಸರಕಾರದ ಕಾಡಿದೆ, ಕೆರೆಯ ಸುತ್ತ ಪೇಟೆಯವರ ಬೇಸಿಗೆ ಮನೆಗಳಿವೆ. ಅವನ ಜನದ ಕೈಯಲ್ಲಿ ಉಳಿದದ್ದು ನೂರರಲ್ಲಿ ಹತ್ತಕ್ಕಿಂತ ಕಡಿಮೆ. ಅದೂ ಒಂದೇ ಕಡೆ ಇಲ್ಲ, ಅಲ್ಲೊಂದು ಇಲ್ಲೊಂದು. ನಾಲ್ಕು ವರ್ಷದ ಹಿಂದೆ ಇನ್ನೂ ಒಂದು ಕಾನೂನು ಮಾಡಿ, ಹೋದ ಜಾಗಕ್ಕೆ ಅಂದಿನ ಬೆಲೆ ಹಿಡಿದು ಪರಿಹಾರ ಕೊಡುತ್ತೇವೆ ಎಂದಿದ್ದಾರೆ. ಡೆಲ್ಬರ್ಟನಿಗೂ ಪತ್ರ ಬಂದಿದೆ. ಅವನು ಉತ್ತರ ಬರೆದಿಲ್ಲ.

ಸೇಸಪ್ಪ ಪುಸ್ತಕವನ್ನು ತನ್ನ ಕಡೆ ತಿರುಗಿಸಿ ನೋಡಿದ. "ಓದದೆ ಗುರುತು ಹಾಕಿದ್ದು ಅಜ್ಜಿಯ ತಪ್ಪು," ಎಂದ.

ಅಶ್ಮಿತಾ ಹೇಳಲೋ ಬೇಡವೋ ಎಂದು ತಡೆದು ಹೇಳಿದಳು. ಡೆಲ್ಬರ್ಟ್ ತಲೆಯಾಡಿಸಿದ. ಸಾಯುವವರೆಗೂ ಅಜ್ಜಿಯೂ ಹಾಗೆಯೇ ಹೇಳುತ್ತಿದ್ದಳು ಎಂದ.

ಸುಕೇಶ್ ಅಂದು ಸಂಜೆ ಅಡುಗೆಮನೆಯಲ್ಲಿ ಗೊಣಗಿದ. "ನಾನು ಅವನನ್ನು ಇಟ್ಟುಕೊಂಡದ್ದು ನಮ್ಮ ಅಪ್ಪನ ತಲೆ ಕೆಡಿಸಲಿಕ್ಕಲ್ಲ."

"ಕೇಳಿದ್ದು ಮಾವ," ಎಂದಳು ವಾರಿಜಾ. "ಅವನು ತಾನಾಗಿ ಹೇಳಲಿಲ್ಲ."

"ನೀನು ಈಗ ಅವನ ಕಡೆಯಾ?"

"ನಾನು ಯಾರ ಕಡೆಯೂ ಅಲ್ಲ. ಈರುಳ್ಳಿ ಎರಡೇ ಉಂಟು. ನಾಳೆಗೆ ಎಂತ ಮಾಡುವುದು ಹೇಳಿ."

ಹೊರಗಿನಿಂದ ಸೇಸಪ್ಪನ ಸ್ವರ ಬಂತು. "ಸುಕೇಶ, ಬೀರುವಿನಲ್ಲಿ ಇಟ್ಟದ್ದು ನನಗೆ ಗೊತ್ತಿಲ್ಲ ಅಂತ ತಿಳಿದಿದ್ದೀಯಾ? ಬಂದ ನಾಲ್ಕನೇ ದಿನ ನೋಡಿದ್ದೇನೆ."

ಸುಕೇಶ್ ಹೊರಗೆ ಬಂದ. "ಹಾಗಾದರೆ ಕೇಳ್ಬಹುದಿತ್ತಲ್ಲ?"

"ನಿನಗೆ ಬಾಯಿ ಇಲ್ಲವಾ?"

"ಹದಿನೆಂಟು ವರ್ಷ ದುಡಿದದ್ದು ಬ್ಯಾಂಕಿನಲ್ಲಿ ಕೂತಿದೆ. ಬ್ಯಾಂಕಿನ ಬಾಗಿಲೇ ಇಲ್ಲ ಈಗ. ಊರಿಗೆ ಹೋದರೆ ನಮಗೆ ಎಂತ ಉಂಟು? ಆ ಗದ್ದೆಯಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆದು ಅಶ್ಮಿಯನ್ನು ಓದಿಸ್ಲಿಕ್ಕೆ ಆಗ್ತದಾ?"

"ಆಗುವುದಿಲ್ಲ," ಎಂದ ಸೇಸಪ್ಪ.

ಅಷ್ಟು ಬೇಗ ಒಪ್ಪಿಗೆ ಬರುತ್ತದೆಂದು ಸುಕೇಶ್ ಎಣಿಸಿರಲಿಲ್ಲ. ಸೇಸಪ್ಪ ಬಾಲ್ಕನಿಯ ಬಾಗಿಲಿಗೆ ಒರಗಿಕೊಂಡ. ಆ ದಿನ ಮಾತು ಅಲ್ಲಿಗೇ ನಿಂತಿತು.

ಸೆಪ್ಟೆಂಬರ್ ಎರಡನೇ ವಾರ ಸೈನಿಕರು ಕಟ್ಟಡಕ್ಕೆ ಬಂದರು. ಬೆಳಗ್ಗೆ ಹತ್ತು ಗಂಟೆ. ಸುಕೇಶ್ ಮನೆಯಲ್ಲಿರಲಿಲ್ಲ, ಗ್ಯಾಸಿಗೆ ಹೋಗಿದ್ದ. ಮೂವರು ಒಳಗೆ ಬಂದರು. ಇಬ್ಬರಿಗೆ ಮೀಸೆಯೂ ಸರಿಯಾಗಿ ಬಂದಿರಲಿಲ್ಲ. ಡೆಲ್ಬರ್ಟ್ ನೆಲದ ಮೇಲೆ ಕೂತು ಬೀನ್ಸ್ ಕತ್ತರಿಸುತ್ತಿದ್ದ. ದೊಡ್ಡವನು ಅವನೆದುರು ನಿಂತು ಅರಬ್ಬಿಯಲ್ಲಿ ಏನೋ ಕೇಳಿದ. ಡೆಲ್ಬರ್ಟ್ ತಲೆಯೆತ್ತಿ ನೋಡಿದ, ಮತ್ತೆ ಬೀನ್ಸ್ ಕತ್ತರಿಸಿದ.

ವಾರಿಜಾ ಅಡುಗೆಮನೆಯಿಂದ ಬಂದಳು. "ಅಖೂಯಿ," ಎಂದಳು. ನನ್ನ ಅಣ್ಣ. ಕಿವಿ ಮುಟ್ಟಿ, ಬಾಯಿ ಮುಟ್ಟಿ ಕೈಯಾಡಿಸಿದಳು.

"ಹಿಂದಿ?"

"ಹಿಂದಿ. ಕುಲ್ಲು ಹಿಂದಿ." ಎಲ್ಲರೂ ಇಂಡಿಯಾದವರು.

ಅವನು ಡೆಲ್ಬರ್ಟನ ಗದ್ದ ಹಿಡಿದು ಮುಖ ಎತ್ತಿದ. ಹಾಗೆ ಹಿಡಿದುಕೊಂಡೇ ಸೇಸಪ್ಪನ ಮುಖ ನೋಡಿದ. ಆಮೇಲೆ ಬಿಟ್ಟ. ಹುಡುಗರು ವಿಸಿಆರ್ ಮತ್ತು ಇಸ್ತ್ರಿಪೆಟ್ಟಿಗೆ ಎತ್ತಿಕೊಂಡರು. ಒಬ್ಬ ಕುಬ್ಬೂಸ್ ತೋರಿಸಿ ಕೇಳಿದ. ವಾರಿಜಾ ಎರಡು ಕೊಟ್ಟಳು.

ಅವರು ಹೋದ ಮೇಲೆ ಅಶ್ಮಿತಾ ಬಾಗಿಲಿನ ಚಿಲಕ ಹಾಕಿದಳು. ವಾರಿಜಾ ಬೀನ್ಸ್ ನೋಡಿ, "ಇಷ್ಟು ದೊಡ್ಡ ಮಾಡಿದರೆ ಬೇಯುವುದಿಲ್ಲ," ಎಂದಳು. ಡೆಲ್ಬರ್ಟನಿಗೆ ಅರ್ಥವಾಗಲಿಲ್ಲ. ಅವಳು ಕೂತು ಒಂದು ಬೀನ್ಸ್ ಸಣ್ಣಗೆ ಕತ್ತರಿಸಿ ತೋರಿಸಿದಳು.

ಇಪ್ಪತ್ತರ ಹೊತ್ತಿಗೆ ಕಟ್ಟಡದ ಗೋಡೆಗೆ ನೋಟೀಸ್ ಬಂತು. ಸಮುದ್ರದ ಬದಿಯ ಕಟ್ಟಡಗಳೆಲ್ಲ ಸೈನ್ಯಕ್ಕೆ ಬೇಕು, ಒಂದು ವಾರದಲ್ಲಿ ಖಾಲಿ ಮಾಡಬೇಕು. ಕುಂಞಿ ಅಂಗಡಿಯಲ್ಲಿ ಉಳಿದದ್ದನ್ನು ಗೋಣಿಗೆ ತುಂಬಿದ. ಫಿಂಟಾಸಿನಲ್ಲಿ ಅವನ ಭಾವನ ರೂಮಿತ್ತು. ಒಂದೇ ರೂಮಿನಲ್ಲಿ ಹದಿನಾಲ್ಕು ಜನ.

ಸಾಲ್ಮಿಯಾದ ಶಾಲೆಯೊಂದರಲ್ಲಿ ನಮ್ಮವರೇ ಸಮಿತಿ ಮಾಡಿಕೊಂಡು ಊರಿಗೆ ಹೋಗುವವರ ಪಟ್ಟಿ ಬರೆಯುತ್ತಿದ್ದರು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನ್. ಅಮ್ಮಾನ್‌ನಿಂದ ವಿಮಾನ. ಸುಕೇಶನ ಮನೆಯ ನಾಲ್ಕು ಹೆಸರು ಇಪ್ಪತ್ತಾರರ ಬಸ್ಸಿಗೆ ಬಂದಿತ್ತು.

"ಅವನನ್ನು ಎಂತ ಮಾಡುವುದು?" ಎಂದ ಸುಕೇಶ್. ಡೆಲ್ಬರ್ಟ್ ಅಲ್ಲೇ ಕೂತಿದ್ದ. ಮಾತು ತನ್ನ ಬಗ್ಗೆ ಎಂದು ಅವನಿಗೆ ಗೊತ್ತಿತ್ತು.

"ನನ್ನ ರೂಮಿಗೆ ಆಗ್ಲಿಕ್ಕಿಲ್ಲ," ಎಂದ ಕುಂಞಿ. "ಮೂರು ದಿನಕ್ಕೊಮ್ಮೆ ಚೆಕಿಂಗ್ ಉಂಟು. ಹದಿನಾಲ್ಕು ಜನರ ಬಾಯಿ ನಾನು ಕಟ್ಲಿಕ್ಕೆ ಆಗುವುದಿಲ್ಲ, ಸುಕೇಶಣ್ಣ."

ಸೇಸಪ್ಪ ತನ್ನ ಪಾಸ್‌ಪೋರ್ಟ್ ತೆಗೆದು ಚಾಪೆಯ ಮೇಲೆ ಇಟ್ಟ. ಮೂಲ್ಕಿಯ ಸ್ಟುಡಿಯೋದಲ್ಲಿ ತೆಗೆದ ಫೋಟೋ. ಕಪ್ಪಾಗಿ ಅಚ್ಚಾಗಿತ್ತು. ಅಗಲ ಮುಖ, ಮೋಟು ಕೂದಲು, ಮೀಸೆ ಇಲ್ಲ. "ಇದರಲ್ಲಿ ಅವನು ಹೋಗಲಿ."

ಕುಂಞಿ ಅದನ್ನು ಬಿಡಿಸಿ ಫೋಟೋ ನೋಡಿದ, ಡೆಲ್ಬರ್ಟನ ಮುಖ ನೋಡಿದ.

"ಅಪ್ಪ, ಹುಚ್ಚು ಹಿಡಿದಿದೆಯಾ?" ಎಂದ ಸುಕೇಶ್.

"ನನ್ನ ಪಾಸ್‌ಪೋರ್ಟ್ ಕಳೆದುಹೋಗಿದೆ ಅಂತ ಹೇಳ್ತೇನೆ. ಕಳೆದವರಿಗೆ ಬೇರೆ ಕಾಗದ ಕೊಡ್ತಾರಂತೆ. ಮುಂದಿನ ಬಸ್ಸಿಗೆ ಬರ್ತೇನೆ. ನನಗೆ ಬಾಯಿ ಉಂಟು. ಎಲ್ಲಿ ಹೋದರೂ ನಾನೇ ನಾನು ಅಂತ ಹೇಳಬಹುದು. ಅವನಿಗೆ ಆಗುವುದಿಲ್ಲ."

"ಅಪ್ಪನನ್ನು ಯುದ್ಧದಲ್ಲಿ ಬಿಟ್ಟು ಬಂದ ಅಂತ ಊರಿನವರು ನನ್ನ ಮುಖಕ್ಕೆ ಉಗಿಯುವುದಿಲ್ಲವಾ?"

"ಉಗಿಯಲಿ. ಒರೆಸಿಕೋ."

ಅಶ್ಮಿತಾ ಡೆಲ್ಬರ್ಟನಿಗೆ ಹೇಳಿದಳು. ಅವನು ನೋ, ನೋ ಎಂದು ಎದ್ದೇ ನಿಂತ. ತಾನು ಹೋಟೆಲಿಗೆ ಹೋಗಿ ಹಾಜರಾಗುತ್ತೇನೆ ಎಂದ. ಚೀಲ ಹುಡುಕತೊಡಗಿದ.

"ಕೂರಲಿಕ್ಕೆ ಹೇಳು ಅವನಿಗೆ," ಎಂದಳು ವಾರಿಜಾ. "ನಾನು ಅಣ್ಣ ಅಂತ ಹೇಳಿ ಆಗಿದೆ. ಈಗ ಅವನು ಹಾಜರಾದರೆ ಸುಳ್ಳು ಹೇಳಿದ್ದು ಯಾರು ಅಂತ ಮೊದಲು ಕೇಳ್ತಾರೆ."

ಡೆಲ್ಬರ್ಟ್ ಕೂತ. ವಾರಿಜಾ ಬಾಲ್ಕನಿಗೆ ಕುರ್ಚಿ ಹಾಕಿ, ಹೊಲಿಗೆಯ ಕತ್ತರಿಯಿಂದ ಅವನ ಕೂದಲನ್ನು ಮಾವನ ಕೂದಲಿನಷ್ಟು ಮೋಟು ಮಾಡಿದಳು. ಮೀಸೆ ಬೋಳಿಸಿಕೊಳ್ಳಲು ಬ್ಲೇಡ್ ಕೊಟ್ಟಳು. ಸೇಸಪ್ಪ ಪಕ್ಕದಲ್ಲಿ ನಿಂತು ನೋಡಿದ. ತನ್ನ ಬಿಳಿ ಅಂಗಿಯನ್ನೂ ಕೊಟ್ಟ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಸುಕೇಶ್ ಸೂಟ್‌ಕೇಸ್ ಕಟ್ಟುತ್ತಿದ್ದ. ಒಬ್ಬರಿಗೆ ಒಂದೇ ಚೀಲ. ಬೀರುವಿನ ಕಾಗದಗಳನ್ನೆಲ್ಲ ಹೊರಗೆ ಹರಡಿದ್ದ. ಕರಾರು ಪತ್ರವನ್ನು ಮಗಳ ಶಾಲೆಯ ಸರ್ಟಿಫಿಕೇಟಿನ ಅಡಿಗೆ ಸರಿಸಿದ.

"ಅದು ತಾ," ಎಂದ ಸೇಸಪ್ಪ.

"ಬೇಡಪ್ಪ. ಈಗ ಬೇಡ."

"ನಾನು ಬರ್ತೇನೆ ಅಂತ ಹೇಳಿದ್ದೇನೆ. ಬಾರದಿದ್ದರೆ? ಅಶ್ಮಿ, ಪೆನ್ ತಾ. ಓದು ಇದನ್ನು, ಪೂರ್ತಿ."

ಅಶ್ಮಿತಾಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ವಾರಿಜಾ ಓದಿದಳು. ನಾಲ್ಕು ಪುಟ. ಸರ್ವೆ ನಂಬರ್ ಎಂಬತ್ತೇಳು ಬಾರ್ ಮೂರು, ಒಂದೆಕರೆ ಮೂವತ್ತೆರಡು ಸೆಂಟ್ಸ್ ಪೂರ್ತಾ. ಸೇಸಪ್ಪ ಅಲ್ಲಿಗೆ ತಡೆದ.

"ಪೂರ್ತಾ ಹೊಡೆದು ಹಾಕು. ಪಡುವಣ ಬದಿ, ಹೆದ್ದಾರಿಗೆ ತಾಗಿ ಅರವತ್ತು ಸೆಂಟ್ಸ್ ಅಂತ ಬರೆ. ಬಾವಿ, ಮನೆ, ಕೆಳಗಿನ ಗದ್ದೆ ಇದಕ್ಕೆ ಸೇರಿಲ್ಲ ಅಂತಲೂ ಬರೆ."

"ಅರವತ್ತಕ್ಕೆ ಅವರು ಒಪ್ಪುವುದಿಲ್ಲ," ಎಂದ ಸುಕೇಶ್.

"ಅವರಿಗೆ ಬೇಕಾದ್ದು ರೋಡು. ಒಪ್ತಾರೆ. ಒಪ್ಪದಿದ್ದರೆ ಬಿಡಲಿ."

"ಹೀಗೆ ತಿದ್ದಿದ್ದು ನಡೀತದಾ ಗೊತ್ತಿಲ್ಲ."

"ತಿದ್ದಿದ ಕಡೆಯೆಲ್ಲ ಸಹಿ ಹಾಕಿದರೆ ನಡೀತದೆ. ಟ್ರಿಬ್ಯುನಲ್ಲಿನಲ್ಲಿ ವಕೀಲರು ಹೇಳಿದ್ದು."

ವಾರಿಜಾ ಬರೆದಳು. ಸೇಸಪ್ಪನಿಗೆ ಬರೆಯಲು ಬರುತ್ತಿದ್ದುದು ಅವನ ಹೆಸರು ಮಾತ್ರ. ಹೆಬ್ಬೆಟ್ಟು ಒತ್ತಬಾರದೆಂದು ಅದನ್ನು ನಲವತ್ತೊಂಬತ್ತರ ಪ್ರಾಯದಲ್ಲಿ ಕಲಿತಿದ್ದ. ನಾಲ್ಕು ಪುಟಗಳಲ್ಲಿ ಒಂಬತ್ತು ಕಡೆ ಸಹಿ ಹಾಕಿದ. ಒಂದೊಂದಕ್ಕೂ ಹೊತ್ತು ಹಿಡಿಯಿತು. ಡೆಲ್ಬರ್ಟ್ ಗೋಡೆಗೆ ಒರಗಿ ನೋಡುತ್ತಿದ್ದ. ಏನು ಎಂದು ಅಶ್ಮಿತಾಳನ್ನು ಕೇಳಲಿಲ್ಲ.

ಸುಕೇಶ್ ಕಾಗದ ಮಡಚಿ ಅಂಗಿಯ ಒಳಗಿನ ಜೇಬಿಗೆ ಹಾಕಿದ. "ಊಟ ಆಯ್ತಾ ನಿಮ್ಮದು?" ಎಂದು ಅಪ್ಪನನ್ನು ಕೇಳಿದ. ಎಲ್ಲರೂ ಒಟ್ಟಿಗೆ ಉಂಡು ಅರ್ಧ ಗಂಟೆಯೂ ಆಗಿರಲಿಲ್ಲ.

ಬಸ್ಸು ಬೆಳಗ್ಗೆ ಏಳಕ್ಕೆ ಶಾಲೆಯ ಮುಂದಿನಿಂದ ಹೊರಟಿತು. ಪಟ್ಟಿ ಹಿಡಿದವನು ಹೆಸರು ಕೂಗಿದ. ಸೇಸಪ್ಪ ಎಂದಾಗ ಬಿಳಿ ಅಂಗಿಯ ಮುದುಕನೊಬ್ಬ ಕೈಯೆತ್ತಿದ. ವಾರಿಜಾ ಅವನ ತೋಳು ಹಿಡಿದು ಹತ್ತಿಸಿದಳು. ನಿಜವಾದ ಸೇಸಪ್ಪ ರಸ್ತೆಯ ಆಚೆ ಬದಿ ಕುಂಞಿಯ ಗೋಣಿಗಳ ಹತ್ತಿರ ನಿಂತಿದ್ದ. ಕಿಟಕಿಯಿಂದ ಅಶ್ಮಿತಾ ಕೈ ಬೀಸಲು ಹೋದಳು, ವಾರಿಜಾ ಅವಳ ಕೈ ಹಿಡಿದು ಇಳಿಸಿದಳು.

ಫಿಂಟಾಸಿನ ರೂಮಿನಲ್ಲಿ ಸೇಸಪ್ಪನಿಗೆ ಒಂದು ಮೂಲೆ ಕೊಟ್ಟರು. ಹಗಲು ಅವನು ಹದಿನಾರು ಜನಕ್ಕೆ ಬೇಳೆ ಬೇಯಿಸುತ್ತಿದ್ದ. ಫೋನಿಲ್ಲ, ಅಂಚೆ ಇಲ್ಲ. ಬಸ್ರಾದ ಹತ್ತಿರ ಒಂದು ಬಸ್ಸನ್ನು ಎರಡು ದಿನ ನಿಲ್ಲಿಸಿದ್ದಾರೆ ಎಂದು ಯಾರೋ ಹೇಳುತ್ತಿದ್ದರು, ಯಾವ ಬಸ್ಸು ಎಂದು ಗೊತ್ತಿರಲಿಲ್ಲ. ಗಡಿಯಲ್ಲಿ ಒಬ್ಬ ಪರದೇಶಿ ಸಿಕ್ಕಿಬಿದ್ದ ಎಂದು ಇನ್ನೊಬ್ಬ ಹೇಳಿದ. ಸೇಸಪ್ಪ ಕೇಳಿಸಿಕೊಂಡು ಬೇಳೆಗೆ ಉಪ್ಪು ಹಾಕಿದ.

"ಅಣ್ಣೇರೆ, ಉಪ್ಪು ಎರಡು ಸಲ ಬಿದ್ದಿದೆ," ಎಂದ ಕುಂಞಿ ಉಣ್ಣುವಾಗ.

"ಬಿದ್ದಿರಬಹುದು."

ಅಕ್ಟೋಬರ್ ಹತ್ತಕ್ಕೆ ಅಮ್ಮಾನ್ ದಾರಿಯಿಂದ ಹಿಂದೆ ಬಂದ ಬಸ್ ಡ್ರೈವರನೊಬ್ಬ ಒಂದು ಚೀಟಿ ತಂದ. ಗಣಿತದ ಪುಸ್ತಕದ ಹಾಳೆ, ಅಶ್ಮಿತಾಳ ಅಕ್ಷರ. ಇಂಗ್ಲಿಷಿನಲ್ಲಿತ್ತು. ಕುಂಞಿ ಬೆರಳಿಟ್ಟು ಓದಿ ಹೇಳಿದ. ನಾಲ್ವರೂ ಮುಟ್ಟಿದೆವು. ಗಡಿಯಲ್ಲಿ ಅಂಕಲ್‌ನನ್ನು ಕೆಳಗಿಳಿಸಿದರು, ಅಮ್ಮ ಜೋರಾಗಿ ಬೈದಳು, ಹತ್ತಿಸಿದರು. ಅಂಕಲ್ ಅಮ್ಮಾನ್‌ನಲ್ಲಿ ತನ್ನ ದೇಶದ ಆಫೀಸಿಗೆ ಹೋದರು. ಹೋಗುವಾಗ ಅಳಲಿಲ್ಲ, ಅಪ್ಪ ಅತ್ತರು. ನಿಮ್ಮ ಪಾಸ್‌ಪೋರ್ಟ್ ಅಪ್ಪನ ಹತ್ತಿರ ಉಂಟು. ಬೇಗ ಬನ್ನಿ.

"ಮತ್ತೆ ಎಂತ ಉಂಟು?"

"ಇಷ್ಟೇ."

"ಇನ್ನೊಂದು ಸಲ ಓದು," ಎಂದ ಸೇಸಪ್ಪ.

ಮರುದಿನ ಅವನು ಕುಂಞಿಯ ಜೊತೆ ಸಮಿತಿಯ ಶಾಲೆಗೆ ಹೋದ. ಮೇಜಿನ ಹಿಂದೆ ಕೂತಿದ್ದವನ ಹೆಸರು ತಿಮ್ಮರಾಯಪ್ಪ. ಕೋಲಾರದ ಕಡೆಯವನು, ಕುವೈತಿನಲ್ಲಿ ಹನ್ನೆರಡು ವರ್ಷ ಡ್ರಾಫ್ಟ್ಸ್‌ಮನ್ ಆಗಿದ್ದವನು. ಎರಡು ತಿಂಗಳಿಂದ ಹೆಸರು ಬರೆದು ಬರೆದು ಅವನ ಸ್ವರ ಒಣಗಿತ್ತು.

"ಹೆಸರು ಹೇಳಿ ಯಜಮಾನ್ರೇ."

"ಸೇಸಪ್ಪ. ಅಪ್ಪನ ಹೆಸರು ಕೊರಗಪ್ಪ. ಪಾಸ್‌ಪೋರ್ಟ್ ಕಳೆದುಹೋಗಿದೆ."

ತಿಮ್ಮರಾಯಪ್ಪ ದಪ್ಪ ಪುಸ್ತಕ ತಿರುವಿ ಒಂದು ಸಾಲಿನಲ್ಲಿ ಬೆರಳು ನಿಲ್ಲಿಸಿದ. "ಈ ಹೆಸರಿನೋರು ಹೋಗಾಯ್ತಲ್ಲ. ಇಪ್ಪತ್ತಾರನೇ ತಾರೀಕಿನ ಬಸ್ಸು. ಮಗ, ಸೊಸೆ, ಮೊಮ್ಮಗಳ ಜೊತೆ. ಟಿಕ್ ಬಿದ್ದೈತೆ."

"ಅದು ನಾನಲ್ಲ."

"ಮತ್ತೆ ಯಾರು?"

ಕುಂಞಿ ಬಾಯಿ ತೆರೆದ, ಸೇಸಪ್ಪ ಅವನ ಕೈ ಹಿಡಿದ.

"ನೋಡಿ," ಎಂದ ತಿಮ್ಮರಾಯಪ್ಪ, "ದಿನಕ್ಕೆ ಹತ್ತು ಜನ ಬರ್ತಾರೆ, ಯಾರ‍್ಯಾರದೋ ಹೆಸರು ಹೇಳ್ಕೊಂಡು. ಯಾವ ಊರೋ, ಯಾವ ದೇಶಾನೋ. ನೀವು ನೀವೇ ಅಂತ ನಾನು ಹೆಂಗೆ ನಂಬೋದು? ರೇಷನ್ ಕಾರ್ಡು, ಏನಾದ್ರೂ?"

"ಇಲ್ಲಿ ಎಂತದೂ ಇಲ್ಲ."

"ಊರಲ್ಲಿ?"

"ಜಾಗ ಉಂಟು."

ತಿಮ್ಮರಾಯಪ್ಪ ಪೆನ್ನು ಕೆಳಗಿಟ್ಟ. ಅವನೂ ಶಾನುಭೋಗರ ಬಾಗಿಲಲ್ಲಿ ನಿಂತ ರೈತನ ಮಗನಾಗಿರಬೇಕು. ಹಿಂದೆ ಸಾಲು ಉದ್ದವಾಗಿತ್ತು, ಆದರೂ ಕೇಳಿದ. "ಸರ್ವೆ ನಂಬರು?"

"ಎಂಬತ್ತೇಳು ಬಾರ್ ಮೂರು."

"ಹೆಂಗೆ ಬಂತು?"

"ಗೇಣಿಗೆ ಇದ್ದದ್ದು. ಎಪ್ಪತ್ತಾರನೇ ಇಸವಿ ಆಗಸ್ಟಿನಲ್ಲಿ ಟ್ರಿಬ್ಯುನಲ್ ಆರ್ಡರ್ ಆಯಿತು. ಒಂದೆಕರೆ ಮೂವತ್ತೆರಡು ಸೆಂಟ್ಸ್."

"ಚಕ್ಕುಬಂದಿ ಹೇಳಿ."

"ಮೂಡು ನೀರಿನ ತೋಡು. ಬಡಗು ಗುತ್ತಿನವರ ತೆಂಗಿನ ತೋಟ. ತೆಂಕು ಅಂತಪ್ಪನ ಗದ್ದೆ." ಅವನು ಅಲ್ಲಿಗೆ ನಿಲ್ಲಿಸಿದ.

"ಪಶ್ಚಿಮಕ್ಕೆ?"

ಸೇಸಪ್ಪ ಮೇಜಿನ ಅಂಚು ಹಿಡಿದುಕೊಂಡ. "ಒಂದೆಕರೆ ಮೂವತ್ತೆರಡು ಅಂತ ಬರೆದಿದ್ದೀರಾ?"

"ಇನ್ನೂ ಬರೆದಿಲ್ಲ."

"ಎಪ್ಪತ್ತೆರಡು ಸೆಂಟ್ಸ್ ಅಂತ ಬರೆಯಿರಿ."

"ಈಗ ತಾನೆ ಒಂದೆಕರೆ ಅಂದ್ರಲ್ಲ?"

"ಅದು ಹಿಂದಿನದು. ಈಗ ಇಷ್ಟು."

ತಿಮ್ಮರಾಯಪ್ಪ ಅವನನ್ನು ನೋಡಿದ. ಆಮೇಲೆ ಒಂದು ಖಾಲಿ ಫಾರಂ ಎಳೆದುಕೊಂಡು ಹೆಸರು ಬರೆದ, ಅಪ್ಪನ ಹೆಸರು ಬರೆದ. ಜಮೀನಿಗೆ ಅದರಲ್ಲಿ ಕಾಲಂ ಇರಲಿಲ್ಲ. ಫಾರಂ ತಿರುಗಿಸಿ ಹಿಂಬದಿಯಲ್ಲಿ ಸರ್ವೆ ನಂಬರ್ ಬರೆದ, ಮೂಡು, ಬಡಗು, ತೆಂಕು ಬರೆದ.

"ಪಶ್ಚಿಮ ಉಳೀತು, ಯಜಮಾನ್ರೇ."

"ಪಡುವಣಕ್ಕೆ," ಎಂದ ಸೇಸಪ್ಪ, "ಪರರ ಜಾಗ."